ನಾಟಕದಾಕಿ ಹಿಂದ ಬಿದ್ದ ಅಭಿಮಾನಿ: ನಮ್ಮ ದೆವ್ವದ ಸಿನಿಮಾಕ್ಕ ಸಂಗೀತ ಹ್ಯಾಂಗಿರಬೇಕು?

ಪರದೆ ಹಿಂದಿನವ (ಕಲಬುರಗಿ)

ಎಲ್ಲರಿಗೂ ಶರಣು. ಹಗಲೆಲ್ಲ ಸೂಪರ್ ಮಾರ್ಕೆಟ್ ಹತ್ರ ಫ್ಲೆಕ್ಸ್ ಡಿಸೈನ್ ಮಾಡ್ತೀನಿ, ರಾತ್ರಿ ಸಿನಿಮಾ ಎಡಿಟ್ ಮಾಡ್ತೀನಿ. ಈಗ 42 ನಿಮಿಷದ ಒಂದು ದೆವ್ವದ ಸಿನಿಮಾ ಶೂಟಿಂಗ್ ಮುಗಿಸಿ, ಸಂಗೀತಕ್ಕ ಬಂದು ಸಿಕ್ಕೊಂಡೀನಿ.

ಕಥಿ ಇಷ್ಟ ಅದ. 1974. ಜಾತ್ರಿಯೊಳಗ ಟೆಂಟ್ ಹೊಡದ ನಾಟಕ ಕಂಪನಿ. ನಾಯಕಿ ಹಾಡು ಹೇಳಿದ್ರ ಮಂದಿ ‘ಒನ್ಸ್ ಮೋರ್’ ಅಂತ ಟೆಂಟ್ ಹಾರಸ್ತಾರ. ಮೂರನೇ ಸಾಲಿನಾಗ ಒಬ್ಬ ದಿನಾ ಅದೇ ಕುರ್ಚಿ. ಗಂಜ್‌ನಾಗ ಅಡತ್ ಅಂಗಡಿ ಲೆಕ್ಕ ಬರಿಯೋ ಗುಮಾಸ್ತ. ಬಾಯಿ ಬಿಟ್ಟು ಮಾತಾಡದ ಮನುಷ್ಯಾ. ಕಂಪನಿ ಊರು ಬಿಟ್ಟ ಮ್ಯಾಲ ಅಂವಾ ಒಂದು ಹಾಳ ವಾಡೆದಾಗ ಅದೇ ಸ್ಟೇಜ್ ಕಟ್ಟತಾನ: ಹರಕು ಪರದೆ, ಕಾಡು ಸೀನರಿ, ಬಣ್ಣದ ಪೆಟ್ಟಿಗಿ, ಖಾಲಿ ಕುರ್ಚಿ ಸಾಲು. ಒಂದು ದಿನ ಆಕಿನ್ನೂ ಅಲ್ಲಿಗೆ ತರತಾನ. ವಾಡೆ ನಮಗ ಆಳಂದ ಕಡೆ ಸಿಕ್ತು, ನೆಲಕ್ಕೆಲ್ಲ ಶಹಾಬಾದ್ ಪರಸಿ. ನಾಕು ರಾತ್ರಿ ಪುಕ್ಕಟೆ ಕೊಟ್ರು, ಬಾವಲಿ ಸಮೇತ.

ಈಗ ತೊಂದರಿ ಹೇಳ್ತೀನಿ. ಇಂಟರ್ನೆಟ್‌ನಾಗಿಂದ ಆರ್ಗನ್ ಮತ್ತ ಕೋರಸ್ ಇಳಿಸಿ ಕೂಡಿಸಿದ್ದೆ. ಗಾಥಿಕ್ ಅಂದ್ರ ಅದೇ ಅಲ್ಲೇನು, ದೊಡ್ಡ ಕಂಬ, ಮೋಂಬತ್ತಿ, ಆರ್ಗನ್. ಮನಿಯಾಗ ತೋರಿಸಿದೆ. ಚಿಗವ್ವ ತೊಗರಿಬ್ಯಾಳಿ ಹಸನ ಮಾಡ್ಲತ್ತಿದ್ಲು, ತಲಿ ಎತ್ತದೇ ಕೇಳಿದ್ಲು: ‘ಚರ್ಚಿನಾಗ ಯಾರದಾರ ಮದಿವಿ ಅದೇನೋ?’ ಅಲ್ಲಿಗೆ ನನ್ನ ಆರ್ಗನ್ ಸತ್ತಿತು. ಆಮ್ಯಾಲ ಕಂಪ್ಯೂಟರ್‌ದಾಗ ‘ಢಮ್’ ‘ಸುಂಯ್’ ಎಲ್ಲಾ ಹಾಕಿದೆ. ಅತ್ತಿ ಸೊಸಿ ಧಾರಾವಾಹಿ ಆಯ್ತು.

ಕೈಯಾಗ ಇರೋದು 18 ಸಾವಿರ ರೂಪಾಯಿ. ಕಾಕಾನ ಮಗನ ಭಜನಿ ಮೇಳ ಅದ, ಪೇಟಿ (ಹಾರ್ಮೋನಿಯಂ), ತಬಲಾ, ತಾಳ ಸಿಗ್ತಾವ. ನಾಯಕಿ ಹಾಡು ಭೀಮಪಲಾಸ ರಾಗದಾಗ ನಾವೇ ಕಟ್ಟೀವಿ, ಅದು ಚಂದ ಬಂದದ. ಬೇಕಾಗಿರೋದು ಆ ಗುಮಾಸ್ತನ ಸಂಗೀತ. ಅಂವಾ ಬಂದಾಗ ಏನು ಕೇಳಿಸಬೇಕು?

ಭೀಮಾ ದಂಡಿ (ಯಾದಗಿರಿ)

ಮಾಲಕಂಸ ಹಾಕ್ರಿ ಅಣ್ಣಾ. ಅರ್ಧರಾತ್ರಿ ರಾಗ. ಅದನ್ನ ಸರಿಯಾಗಿ ಹಾಡಿದ್ರ ಜಿನ್ ಬಂದು ಕೂಡ್ತಾವ ಅಂತ ಹಾಡೋ ಮಂದಿ ನಡುವ ಒಂದು ಮಾತದ. ಜೊತಿಗೆ ಮೊಹರಂ ಹಲಗಿ ಮತ್ತ ರಿವಾಯತ್ ದನಿ ಸಣ್ಣಗ ಕೂಡಿಸಿದ್ರ ಮೈ ಝುಮ್ ಅಂತದ. ನಮ್ಮ ಸೀಮಿದೇ ಸಂಗೀತ ಆದಂಗೂ ಆಯ್ತು.

ಸಂಗೀತ ಟೀಚರ್ (ಬೀದರ್)

ಮೊದಲು ಮೊಹರಂ ವಿಷಯ. ದಯವಿಟ್ಟು ಬೇಡ. ರಿವಾಯತ್ ಅಂದರೆ ಕರ್ಬಲಾದ ದುಃಖದ ಹಾಡು. ನಮ್ಮ ಕಡೆ ಜಾತಿ ಧರ್ಮ ನೋಡದೆ ಎಲ್ಲರೂ ಅಲಾಯಿ ಕುಣಿಯುತ್ತಾರೆ, ಹಾಡುತ್ತಾರೆ. ಆ ಶೋಕವನ್ನು ತಂದು ಒಬ್ಬ ಹುಚ್ಚನ ಹಿಂದೆ ಹಚ್ಚಿದರೆ ನೋಡುವವರು ಹೆದರುವುದಿಲ್ಲ, ನೊಂದುಕೊಳ್ಳುತ್ತಾರೆ. ದರ್ಗಾದ ಕವ್ವಾಲಿಗೂ ಇದೇ ಮಾತು.

ಮಾಲಕಂಸಕ್ಕೆ ಬರೋಣ. ರಿಷಭ, ಪಂಚಮ ಇಲ್ಲ. ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ. ಗಂಭೀರ ರಾಗ, ಒಪ್ಪಿದೆ. ಆದರೆ ನಮ್ಮ ಜನ ಅದನ್ನು ಕೇಳಿದರೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ರಾಗದೊಳಗೇ ಹೆದರಿಕೆ ತುಂಬಿಟ್ಟಿರುತ್ತದೆ ಅಂತ ನಾನು ನಂಬುವುದಿಲ್ಲ. ಯಾವ ದನಿಯನ್ನು ಎಲ್ಲಿ ಕೇಳಿ ಬೆಳೆದಿದ್ದೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೂಕಿ ಸಿನಿಮಾ ಕಾಲದಲ್ಲಿ ಅಮೆರಿಕದ ದೊಡ್ಡ ಥೇಟರುಗಳಲ್ಲಿ ಆರ್ಗನ್ ಕೂಡಿಸಿರುತ್ತಿದ್ದರು, ಚಿತ್ರ ಓಡುವಾಗ ಅಲ್ಲೇ ಕೂತು ನುಡಿಸುತ್ತಿದ್ದರು. ಅಲ್ಲಿಯ ಜನಕ್ಕೆ ಆರ್ಗನ್ ಅಂದರೆ ಚರ್ಚೂ ಹೌದು, ಹೆಣವೂ ಹೌದು, ಥೇಟರೂ ಹೌದು. ನಿಮ್ಮ ಚಿಗವ್ವನಿಗೆ ಅದರಲ್ಲಿ ಮದುವೆ ಒಂದೇ ನೆನಪಾಯಿತು. ತಪ್ಪು ಅವರದಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಲ್ಯಾಟಿನ್ ಚರ್ಚಿನ ಶವಸಂಸ್ಕಾರದ ಹಳೆಯ ಒಂದು ಹಾಡಿನ ಎತ್ತುಗಡೆ ಹೆದರಿಕೆ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಸ್ವರದಲ್ಲಿ ಹೇಳಿದರೆ ಗ ರಿ ಗ ಸ, ರಿ ನಿ ಸ ಸ. ಗ, ನಿ ಕೋಮಲ. ಮನೆಯಲ್ಲಿ ಪೇಟಿ ಇದ್ದರೆ ನುಡಿಸಿ ನೋಡಿ. ಕಾಫಿ ರಾಗದ ಅಂಗದ ಭಜನೆಯೊಂದರ ಮೊದಲ ಸಾಲಿನ ಹಾಗೆ ಇದೆ! ಅವರಿಗೆ ಸಾವು, ನಮಗೆ ಸೋಮವಾರದ ಭಜನೆ.

ನಿಮ್ಮ ಗುಮಾಸ್ತನನ್ನು ಓದಿ ಬೆರ್ಲಿಯೋಜ್ ನೆನಪಾದ. ಫ್ರಾನ್ಸಿನ ಸಂಗೀತಗಾರ. 1827ರಲ್ಲಿ ಪ್ಯಾರಿಸ್ಸಿಗೆ ಬಂದ ಇಂಗ್ಲಿಷ್ ನಾಟಕ ಮಂಡಳಿಯಲ್ಲಿ ಹ್ಯಾರಿಯೆಟ್ ಸ್ಮಿತ್‌ಸನ್ ಎಂಬ ನಟಿ ಹ್ಯಾಮ್ಲೆಟ್ ನಾಟಕದ ಒಫೀಲಿಯಾ ಪಾತ್ರ ಮಾಡಿದಳು. ಇವನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಆದರೂ ಹುಚ್ಚು ಹಿಡಿಯಿತು. ಪತ್ರದ ಮೇಲೆ ಪತ್ರ ಬರೆದ. ಆಕೆ ಕಡೆಗಣಿಸಿದಳು. 1830ರಲ್ಲಿ ಐದು ಭಾಗದ ಒಂದು ಸಿಂಫನಿ ಬರೆದ. ಅದರಲ್ಲಿ ಪ್ರಿಯತಮೆಗೆ ಅಂತ ಒಂದೇ ಒಂದು ಧಾಟಿ. ಐದೂ ಭಾಗದಲ್ಲಿ ಅದೇ ಬರುತ್ತದೆ, ವೇಷ ಬದಲಿಸಿಕೊಂಡು. ಕೊನೆಯ ಭಾಗ ಮಾಟಗಾತಿಯರ ಕೂಟ. ಅಲ್ಲಿ ಆ ಸುಂದರ ಧಾಟಿ ಸಣ್ಣ ಕ್ಲಾರಿನೆಟ್‌ನಲ್ಲಿ ಕಿರುಚುತ್ತಾ, ಅಣಕಿಸುತ್ತಾ ಬರುತ್ತದೆ. ಮೇಲೆ ಹೇಳಿದ ಸಾವಿನ ಹಾಡೂ ಅದೇ ಭಾಗದಲ್ಲಿದೆ. (1833ರಲ್ಲಿ ಇಬ್ಬರ ಮದುವೆಯೂ ಆಯಿತು. ಬಾಳಲಿಲ್ಲ.)

ಆದ್ದರಿಂದ ಗುಮಾಸ್ತನಿಗೆ ಬೇರೆ ಸಂಗೀತ ಹುಡುಕಬೇಡಿ. ಅವನ ತಲೆಯಲ್ಲಿ ಬೇರೆ ಸಂಗೀತಕ್ಕೆ ಜಾಗ ಎಲ್ಲಿದೆ? ಆಕೆಯ ಭೀಮಪಲಾಸವೇ ಇದೆ. ಅದನ್ನೇ ಕೆಡಿಸಿ. ಹೇಗೆ ಕೆಡಿಸಬೇಕು ಅನ್ನುವುದು ಪೇಟಿ ಹಿಡಿದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆಕೆ ವಾಡೆಯಲ್ಲಿ ಒಬ್ಬಳೇ ಇರುವ ದೃಶ್ಯಕ್ಕೆ ಬೇಕಾದರೆ ಮಾರವಾ ರಾಗ ಇಟ್ಟುಕೊಳ್ಳಿ. ಅದರಲ್ಲಿ ಷಡ್ಜಕ್ಕೆ, ಅಂದರೆ ಸಾ ಸ್ವರಕ್ಕೆ, ಬರುವುದನ್ನು ತಡ ಮಾಡುತ್ತಾರೆ, ಬಾಗಿಲ ತನಕ ಬಂದು ಒಳಗೆ ಬಾರದೆ ತಿರುಗಿ ಹೋದ ಹಾಗೆ.

ಪರದೆ ಹಿಂದಿನವ (ಕಲಬುರಗಿ)

ಟೀಚರ್, ‘ಅವನ ತಲೆಯಲ್ಲಿ ಜಾಗ ಎಲ್ಲಿದೆ’ ಅಂದ ಮಾತಿಗೆ ನಿನ್ನಿ ರಾತ್ರಿ ನಿದ್ದಿ ಬರಲಿಲ್ಲ. ಖರೇ ಅದ. ಆದ್ರ ಹಾಡು ಕೆಡಿಸೋದು ಹ್ಯಾಂಗ? ಸ್ಪೀಡ್ ಕಡಿಮಿ ಮಾಡಿ ನೋಡಿದೆ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್ ಆಯ್ತು, ತಮ್ಮ ನಕ್ಕ.

ಶಹಾಪುರ ಮೊಮ್ಮಗಳು

ನಾನು ಬಿ.ಎ. ಓದ್ಲತ್ತೀನಿ. ನಮ್ಮ ಮುತ್ಯಾ ಹನ್ನೊಂದು ವರ್ಷ ನಾಟಕ ಕಂಪನಿಯಾಗ ಪೇಟಿ ಮಾಸ್ತರ್ ಇದ್ರು. ನಿಮ್ಮ ಪ್ರಶ್ನಿ ಓದಿ ಹೇಳಿದೆ. ‘ಬರಕೋ’ ಅಂದ್ರು. ಅವರು ಹೇಳಿದಂಗೇ ಹಾಕ್ಲತ್ತೀನಿ, ನಡುವ ನಾ ಏನೂ ಸೇರಿಸಿಲ್ಲ.

‘ತಮ್ಮಾ, ನೀ ಆರ್ಗನ್ ಆರ್ಗನ್ ಅಂತ ಎಲ್ಲಿ ಹೊಂಟಿ? ನಮ್ಮ ಕಂಪನಿಯಾಗೂ ಕಾಲಿಲೆ ತುಳಿಯೋ ಪೇಟಿ ಇತ್ತು. ಅದೂ ಗಾಳಿದೇ ವಾದ್ಯ, ನಿನ್ನ ಆರ್ಗನ್ನೂ ಗಾಳಿದೇ. ಕುರ್ಚಿ ಮ್ಯಾಲ ಕುಂತು ಎರಡೂ ಕಾಲಿಲೆ ತುಳಿಬೇಕು, ಎರಡೂ ಕೈ ಖಾಲಿ ಇರ್ತಾವ. ಸ್ಟೇಜಿನ ಮುಂದ ತಗ್ಗು ಮಾಡಿ ನನಗ ಅಲ್ಲಿ ಕೂಡಸ್ತಿದ್ರು. ಮುಖ ಸ್ಟೇಜ್ ಕಡೆ, ಬೆನ್ನು ಮಂದಿ ಕಡೆ. ಇದು ನೆನಪಿಟ್ಟುಕೋ, ಮುಂದ ಬರ್ತದ.

‘ನಿನ್ನ ಗುಮಾಸ್ತನಂಥಾವ ನಮಗೂ ಒಬ್ಬಾಂವ ಗಂಟು ಬಿದ್ದಿದ್ದ. ಹೆಸರು ಬ್ಯಾಡ, ಊರೂ ಬ್ಯಾಡ. ನಮ್ಮ ನಾಯಕಿ ಬಿಳಿ ಐದರಾಗ ಹಾಡತಿದ್ಲು, ಅಂದ್ರ ಪೇಟಿದು ಐದನೇ ಬಿಳಿ ಪಟ್ಟಿ ಆಕಿ ಸಾ. ಹಾಡು ಮುಗೀತಂದ್ರ ಟೆಂಟ್ ತುಂಬ ಒನ್ಸ್ ಮೋರ್. ಇಂವಾ ಅದರಾಗ ಒದರತಿರಲಿಲ್ಲ. ಎಲ್ಲರೂ ಒದರಿ ಸುಮ್ಮನಾಗ್ತಾರಲ್ಲ, ಆವಾಗ, ಅಡ್ಡ ಮಾತಾಡಿದಂಗ ಮೆಲ್ಲಕ ಅಂತಿದ್ದ: ಒನ್ಸ್ ಮೋರ್. ಬಾಜೂ ಕುಂತವನಿಗೆ ಹೇಳಿದಂಗ. ನನಗ ಬೆನ್ನ ಹಿಂದ ಕೇಳಸ್ತಿತ್ತು. ಮುಖ ನಾ ನೋಡಿಲ್ಲ, ದನಿ ಒಂದೇ ಗೊತ್ತು. ನೋಡಿದ್ರ ಹೆದರಕಿ ಹೋಗ್ತಿತ್ತೇನೋ.

‘ಕಂಪನಿ ಮುಂದಿನ ಊರಿಗೆ ಹೋತು, ಅಲ್ಲೂ ಆ ದನಿ. ಮೂರನೇ ಊರಾಗ ಒಂದು ದಿನ ಆಕಿ ಹಾಡು ನಡುವ ಸುತಿ ಬಿಟ್ಲು. ಎಂದೂ ಬಿಡದಾಕಿ. ಯಾಕಬೇ ಅಂತ ಕಣ್ಣಿಲೆ ಕೇಳಿದೆ. ಆಮ್ಯಾಲ ಗೊತ್ತಾತು, ಇಂವಾ ಕುಂತಲ್ಲೇ ಆಕಿ ಸಂಗಟ ಹಾಡ್ಲತ್ತಾನ. ಬಾಯಿ ಮುಚ್ಚಿ, ಮೂಗಿನಾಗ. ಗಂಡಸರ ಸುತಿ, ಕರಿ ಒಂದು, ಮೊದಲನೇ ಕರಿ ಪಟ್ಟಿ. ಅದೇ ಹಾಡು, ಅದೇ ಚಾಲು, ಒಂದು ಸ್ವರ ತಪ್ಪಿಲ್ಲ. ಆದ್ರ ಆಕಿ ಸಾ ಬಿಳಿ ಐದು, ಇವನ ಸಾ ಕರಿ ಒಂದು. ಈಗ ನಿನ್ನ ಪೇಟಿ ತಗೀ, ಬಿಳಿ ಐದು ಕರಿ ಒಂದು ಎರಡೂ ಒತ್ತಿ ಹಿಡಿ. ಪೇಟಿಯೊಳಗ ಬೆಕ್ಕು ಹೊಕ್ಕಂಗ ಆಗ್ತದ. ಸಾ ಮತ್ತ ತೀವ್ರ ಮಧ್ಯಮ ಅದು. ಆಕಿ ಹಾಡು ಬರೋಬ್ಬರಿ, ಇವನ ಹಾಡು ಬರೋಬ್ಬರಿ, ಎರಡೂ ಕೂಡಿದ್ರ ಹೊಲಸು.

‘ಸಿನಿಮಾದಾಗ ಇದನ್ನ ಮಾಡು. ಮೊದಲ ಹಾಡಿಗೆ ಒನ್ಸ್ ಮೋರ್ ಇಷ್ಟ ಸಾಕು. ಎರಡನೇ ಸಲ ಆಕಿ ಸಾಲು ಮುಗದ ಮ್ಯಾಲ ಅಂವಾ ಹಿಂದಿಂದ ಅದೇ ಸಾಲು ಮೂಗಿನಾಗ ಅನ್ನಲಿ. ಕೂಡಸಬ್ಯಾಡ, ಗಡಬಡ ಮಾಡಬ್ಯಾಡ. ವಾಡೆದಾಗ, ಕಡೀಕ, ಎರಡೂ ಕೂಡಸು. ಅಲ್ಲೀತನ ಆ ಎರಡು ಪಟ್ಟಿ ಎಲ್ಲೂ ಕೂಡಿ ಒತ್ತಬಾರದು, ಖಬರ್ದಾರ್.

‘ಇನ್ನೊಂದು. ಪಟ್ಟಿ ಅರ್ಧ ಒತ್ತಿದ್ರ ಸ್ವರ ಪೂರಾ ಬರಂಗಿಲ್ಲ, ಕುಂಟತದ, ಒಂಚೂರು ಇಳೀತದ. ಹೊಸಬರು ಹಂಗ ಒತ್ತಿದ್ರ ನಾವು ಬೈತಿದ್ವಿ. ನಿನಗ ಅದೇ ಬೇಕು. ಮತ್ತ ಪಟ್ಟಿನೇ ಒತ್ತದೇ ಬರೇ ತುಳದು ನೋಡು. ತೊಗಲು ಜಗ್ತದ, ಕಟಿಗಿ ಕರ್ ಅಂತದ, ಗಾಳಿ ಸಂದ್ಯಾಗಿಂದ ಹೋಗ್ತದ. ಕತ್ತಲದಾಗ ಯಾರೋ ಉಸರು ಬಿಟ್ಟಂಗ. ನಾಂದಿಗೆ ಮೊದಲ ನಾ ಒಬ್ಬನೇ ಕುಂತು ಗಾಳಿ ತುಂಬಸೋವಾಗ ಖಾಲಿ ಟೆಂಟಿನಾಗ ಆ ಸಪ್ಪಳ ನನಗೇ ಒಮ್ಮೊಮ್ಮೆ ಬ್ಯಾಡಾಗ್ತಿತ್ತು.’

ಮುತ್ಯಾಗ ಕೇಳಿದೆ, ಆ ಮನುಷ್ಯಾ ಮುಂದ ಏನಾದ ಅಂತ. ‘ಮಾಲಕರು ಅವನಿಗೆ ಪುಕ್ಕಟೆ ಪಾಸ್ ಕೊಟ್ರು. ಮರುದಿನದಿಂದ ಬರಲಿಲ್ಲ’ ಅಂದ್ರು. ಯಾಕಂತ ಅವರಿಗೂ ಗೊತ್ತಿಲ್ಲಂತ.

ಸಂಗೀತ ಟೀಚರ್ (ಬೀದರ್)

ಮುತ್ಯಾನವರಿಗೆ ನಮಸ್ಕಾರ ತಿಳಿಸಮ್ಮ. ಸಾ ಮತ್ತು ತೀವ್ರ ಮಧ್ಯಮದ ಈ ಅಂತರಕ್ಕೆ ಯುರೋಪಿನ ಹಳೆಯ ಸಂಗೀತ ಶಾಸ್ತ್ರದವರು ಸಂಗೀತದೊಳಗಿನ ಸೈತಾನ ಅಂತಲೇ ಹೆಸರಿಟ್ಟಿದ್ದರು. ಅವರು ಪುಸ್ತಕದಲ್ಲಿ ಬರೆದದ್ದನ್ನು ನೀವು ಬೆನ್ನಲ್ಲಿ ಕೇಳಿಸಿಕೊಂಡಿದ್ದೀರಿ. ಒಂದೇ ಮಾತು: ನಮ್ಮಲ್ಲಿ ತೀವ್ರ ಮಧ್ಯಮ ಕೆಟ್ಟ ಸ್ವರವಲ್ಲ, ಯಮನ್ ರಾಗ ಹಾಡುವವರನ್ನು ಕೇಳಿ. ಇಲ್ಲಿ ಹೆದರಿಸುವುದು ಸ್ವರ ಅಲ್ಲ, ಎರಡು ಷಡ್ಜ ಒಂದೇ ಮನೆಯಲ್ಲಿ ಕೂತದ್ದು.

ಭೀಮಾ ದಂಡಿ (ಯಾದಗಿರಿ)

ಮೊಹರಂ ಮಾತು ವಾಪಸ್ ತಗೊಂಡೆ, ಟೀಚರ್ ಹೇಳಿದ್ದು ಬರೋಬ್ಬರಿ. ಆದ್ರ ಒಂದು ಡೌಟ್. ಈ ಬಿಳಿ ಐದು ಕರಿ ಒಂದು ಯಾರಿಗೆ ಕೇಳಸ್ತದ್ರಿ? ಮಂದಿ ಬಸ್‌ನಾಗ ಕುಂತು ಮೊಬೈಲ್‌ನಾಗ ನೋಡ್ತಾರ, ಬಾಜೂದಾಗ ಕಂಡಕ್ಟರ್ ಸೀಟಿ.

ಹುಮನಾಬಾದ್ ಸೌಂಡ್

ಅದಕ್ಕೇ ಇದು ಚಲೋ ಐಡಿಯಾ. ನಾ ಮದುವೆ ವಿಡಿಯೋಕ್ಕ ಸೌಂಡ್ ಮಾಡಾಂವ, ದಿನಾ ಇದೇ ಗೋಳು. ‘ಢಮ್’ ಅನ್ನೋ ಬೇಸ್ ಎಲ್ಲಾ ಮೊಬೈಲ್ ಸ್ಪೀಕರ್‌ನಾಗ ಮಾಯ. ಆದ್ರ ಕರಿ ಒಂದು ಅಂದ್ರ 277 ಹರ್ಟ್ಸ್, ಮ್ಯಾಲಿನ ಬಿಳಿ ಐದು 392. ಸಣ್ಣ ಸ್ಪೀಕರ್‌ನಾಗೂ ಆ ಜಗಳ ಉಳೀತದ. ಹಳೇ ಪೇಟಿ ಲೆಕ್ಕಕ್ಕ ಸರಿ ಇರಂಗಿಲ್ಲ, ಟ್ಯೂನರ್ ಆ್ಯಪ್ ಹಚ್ಚಿ ನೋಡ್ರಿ. ಹಾಡೋ ಹುಡುಗಿ ಟ್ರ್ಯಾಕ್ ಬ್ಯಾರೆ ಪೇಟಿಗೆ, ಗುಮಾಸ್ತಂದು ಬ್ಯಾರೆ ಪೇಟಿಗೆ ಆದ್ರ ಕೆಲಸ ಕೆಟ್ಟಿತು. ಎರಡಕ್ಕೂ ಒಂದೇ ಪೇಟಿ.

ಗುಮಾಸ್ತನ ಗುಣುಗುಣು ಸ್ಟುಡಿಯೋದಾಗ ಬ್ಯಾಡ. ಊರಾಗ ಯಾರದಾರ ಹಳೇ ಹಗೇವು (ಕಾಳು ತುಂಬಿಡೋ ನೆಲದ ತಗ್ಗು) ಅದ ಏನು? ಸಣ್ಣ ಬ್ಲೂಟೂತ್ ಸ್ಪೀಕರ್ ಹಗ್ಗಕ್ಕ ಕಟ್ಟಿ ಒಳಗ ಬಿಡ್ರಿ, ಆ ಗುಣುಗುಣು ಹಚ್ರಿ, ಇನ್ನೊಂದು ಹಗ್ಗಕ್ಕ ರೆಕಾರ್ಡರ್ ಕಟ್ಟಿ ಬಾಯಿ ಹತ್ರ ಇಳಿಸ್ರಿ. ನೆಲದಾಗಿಂದ ಮನುಷ್ಯಾ ಹಾಡಿದಂಗ ಬರ್ತದ. ನಾ ಒಮ್ಮೆ ಸುಮ್ಕ ನೋಡಾಕ ಮಾಡಿದ್ದೆ, ನಮ್ಮ ನಾಯಿ ಹತ್ರ ಬರಲಿಲ್ಲ. ಆದ್ರ ಒಂದು ಮಾತು ಕಡ್ಡಾಯ: ಯಾರೂ ಒಳಗ ಇಳೀಬ್ಯಾಡ್ರಿ. ಮುಚ್ಚಿದ ಹಗೇವಿನಾಗ ಕೆಟ್ಟ ಗಾಳಿ ನಿಂತಿರ್ತದ, ಜೀವಕ್ಕ ಬರ್ತದ. ಸ್ಪೀಕರ್ ಬಿದ್ರ ಬಿದ್ದೋಗ್ಲಿ.

ಪೇಟಿ ಉಸರಿಗೆ ಮೈಕ್ ತಿದಿ ಹತ್ರ ಗೇಣು ದೂರ ಇಡ್ರಿ. ಫ್ಯಾನ್ ಬಂದ್. ಏಪ್ರಿಲ್‌ದಾಗ ಕಲಬುರಗಿಯಾಗ ಫ್ಯಾನ್ ಬಂದ್ ಮಾಡಿ ಕೂಡೋದೇ ಹಾರರ್, ಅದಕ್ಕ ನಸುಕಿನಾಗ ಮಾಡ್ರಿ. ಗುಮಟ ಒಳಗ ರೆಕಾರ್ಡ್ ಮಾಡೋ ಆಸೆ ಇದ್ರ, ಕಲಬುರಗಿ ಹಫ್ತ್ ಗುಂಬಜ್, ಬೀದರ್ ಹತ್ರದ ಅಷ್ಟೂರು ಎಲ್ಲಾ ಪುರಾತತ್ವ ಇಲಾಖೆ ಕೈಯಾಗ ಅವ. ಮೊದಲೇ ಪರ್ಮಿಶನ್ ಬೇಕು. ನಿಮ್ಮ ವಾಡೆ ಪರಸಿನೇ ಸಾಕು: ಒಂದು ಬಲೂನ್ ಒಡದು ಅದರ ಗುಂಯ್ ರೆಕಾರ್ಡ್ ಮಾಡಿಟ್ಕೊಂಡ್ರ, ಅದೇ ಮಾರ್ದನಿ ಕಂಪ್ಯೂಟರ್‌ದಾಗ ಯಾವ ದನಿಗೆ ಬೇಕಾದ್ರೂ ಹಚ್ಚಬಹುದು.

ಪರದೆ ಹಿಂದಿನವ (ಕಲಬುರಗಿ)

ಹದಿನೈದು ದಿನ ಆಯ್ತು, ವರದಿ ಒಪ್ಪಿಸ್ಲತ್ತೀನಿ.

ಕಾಲಿಲೆ ತುಳಿಯೋ ಪೇಟಿ ಸಿಗಲಿಲ್ಲ, ಕೈಪೇಟಿಲೇ ಮಾಡಿದ್ವಿ. ಮೇಳದ ಪೇಟಿದು ತಿದಿ ಒಂದು ಕಡೆ ಹರದದ, ಕಾಕಾನ ಮಗ ಅದಕ್ಕ ಸೈಕಲ್ ಟ್ಯೂಬ್ ಪ್ಯಾಚ್ ಹಚ್ಯಾನ. ಪ್ಯಾಚ್ ತಗದು ರೆಕಾರ್ಡ್ ಮಾಡಿದ್ವಿ. ಎಳೆದಾಗೊಮ್ಮೆ ಎದಿಯಾಗ ಕಫ ಕಟ್ಟಿದವರ ಉಸರು! ಈಗ ಗುಮಾಸ್ತ ಫ್ರೇಮಿನಾಗ ಇಲ್ಲದಾಗಷ್ಟೇ ಅದನ್ನ ಹಾಕೀನಿ. ಅಂವಾ ಕಂಡಕೂಡ್ಲೇ ಬಂದ್.

ಗುಮಾಸ್ತನ ದನಿ ನಂದೇ. ಕರಿ ಒಂದಕ್ಕ ಕೂಡಾಕ ಎರಡು ರಾತ್ರಿ ಹಿಡೀತು, ನಾ ತುಸು ಕೆಳಗ ಜಾರ್ತಿದ್ದೆ. ಆಮ್ಯಾಲ ಆ ಜಾರೋದನ್ನ ಒಂದು ಕಡೆ ಹಂಗೇ ಇಟ್ಟೆ. ಹಗೇವು ಮಾವನ ಹೊಲದ ಮನಿಯಾಗ ಸಿಕ್ತು. ಸ್ಪೀಕರ್ ಬೀಳಲಿಲ್ಲ, ರೆಕಾರ್ಡರ್ ಕವರ್ ಬಿತ್ತು, ಅಲ್ಲೇ ಅದ. ಗ್ಯಾಸ್‌ಬತ್ತಿ ‘ಸುಂಯ್’ ಅನ್ನೋದನ್ನೂ ಹಿಡದೀವಿ, ತಂಬೂರಿ ಬದಲಿಗೆ ಅದೇ ಓಡ್ಲತ್ತದ. ಮಾರವಾ ಎರಡೇ ನಿಮಿಷ, ಆಕಿ ಬಣ್ಣದ ಪೆಟ್ಟಿಗಿ ತಗಿಯೋ ಕಡೆ. ಕಂಪನಿ ನಾಟಕದ ಮೂರನೇ ಬೆಲ್ ಕ್ಲೈಮ್ಯಾಕ್ಸ್‌ಗೆ ಕೂಡಿಸೀನಿ. ವಾಡೆದಾಗ ಆಕಿ ಪರದೆ ಹಿಂದ ನಿಂತಾಗ ಹೊಡೀತದ, ಹೊಡಿಯವರು ಯಾರೂ ಇರಂಗಿಲ್ಲ. ಖರ್ಚು ಇಲ್ಲೀತನ 6,400. ಅದರಾಗ ಊಟಾನೇ ಅರ್ಧ.

ನಿನ್ನಿ ಮತ್ತ ಚಿಗವ್ವನ ಮುಂದ ಹಚ್ಚಿದೆ. ಈ ಸಲ ಹೆಸರುಬ್ಯಾಳಿ. ಎರಡನೇ ಹಾಡಿನ ಹೊತ್ತಿಗೆ ಮೊರ ಕೆಳಗಿಟ್ಲು. ವಾಡೆ ಸೀನಿನಾಗ ಎರಡೂ ಸುತಿ ಕೂಡಿದಾಗ ನನ್ನ ಕಡೆ ನೋಡದೇ ಕೇಳಿದ್ಲು: ‘ಹಿತ್ತಲ ಬಾಗಿಲ ಹಾಕೀಯೇನೋ?’

ಲಿಂಕ್ ಶಹಾಪುರ ತಂಗಿಗೆ ಕಳಸೀನಿ. ಮುತ್ಯಾ ನೋಡಿ ಏನಂತಾರ ಹೇಳಬೇಕು.

ಶಹಾಪುರ ಮೊಮ್ಮಗಳು

ಮುತ್ಯಾ ಹೆಡ್‌ಫೋನ್ ಹಾಕ್ಕೊಂಡು ಎರಡು ಸಲ ನೋಡಿದ್ರು. ಎರಡನೇ ಸಲ ಕಣ್ಣು ಮುಚ್ಚಿಕೊಂಡು. ಆಮ್ಯಾಲ ಹೇಳಿದ್ದು ಇಷ್ಟ: ‘ಅಂವಾ ಒನ್ಸ್ ಮೋರ್ ಭಾಳ ಲಗೂನ ಅಂತಾನ. ಇನ್ನೂ ನಾಕು ಸೆಕೆಂಡ್ ತಡೀಬೇಕು, ಮಂದಿ ಕುರ್ಚಿ ಸಪ್ಪಳ ಪೂರಾ ನಿಲ್ಲಬೇಕು. ಮತ್ತ ಮೂರನೇ ಬೆಲ್ ಎರಡು ಸಲ ಹೊಡದದ. ಒಂದು ತಗೀ ಅನ್ನು ಅವನಿಗೆ.’